ಹಿಂದಿರುಗುವ ಹೊತ್ತು

ನಡಿಗೆ ಮನುಷ್ಯನ ಅತ್ಯಂತ ಹಳೆಯ ವಿದ್ಯೆ. ಬಂಡಿ, ಕುದುರೆ, ಮೋಟಾರುಗಳು ಬರುವುದಕ್ಕೆ ಬಹಳ ಮೊದಲೇ ಅವನು ಕಾಡುಗಳನ್ನು ದಾಟಿದ್ದಾನೆ, ಬೆಟ್ಟಗಳನ್ನು ಏರಿದ್ದಾನೆ. ಇಂದು ನಾವು ಒಂದು ಮೈಲಿ ದೂರಕ್ಕೂ ವಾಹನವನ್ನು ಕಾಯುತ್ತೇವೆ. ಆದರೆ ಒಂದು ದಿನವಾದರೂ ಕಾಡಿನ ಕಾಲುದಾರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆದು ನೋಡಬೇಕು. ಕಾಲಿನ ಬಲವೆಷ್ಟು, ಮನಸ್ಸಿನ ಬಲವೆಷ್ಟು ಎಂಬುದು ಆಗ ನಮಗೇ ತಿಳಿಯುತ್ತದೆ. ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಅಂತಹ ಒಂದು ದಿನ ನನ್ನ ಪಾಲಿಗೆ ಬಂದಿತು.

ದಕ್ಷಿಣ ಕನ್ನಡ ಮತ್ತು ಕೊಡಗು ಜಿಲ್ಲೆಗಳು ಸಂಧಿಸುವಲ್ಲಿ ಪಶ್ಚಿಮ ಘಟ್ಟದ ಮಡಿಲಿನಲ್ಲಿ ಕುಮಾರ ಪರ್ವತವಿದೆ. ಇದಕ್ಕೆ ಪುಷ್ಪಗಿರಿ ಎಂಬ ಹೆಸರೂ ಉಂಟು. ಇದರ ಎತ್ತರ 1,712 ಮೀಟರ್. ಅದರ ಬುಡದಲ್ಲಿರುವ ಕುಕ್ಕೆ ಸುಬ್ರಹ್ಮಣ್ಯದಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರ್ ದಾರಿ. ಈ ದಾರಿಯಲ್ಲಿ ಸುಮಾರು 1,600 ಮೀಟರ್ ಎತ್ತರವನ್ನು ಏರಬೇಕಾಗುತ್ತದೆ. ರಾಜ್ಯದ ಕಠಿಣ ಚಾರಣಗಳಲ್ಲಿ ಇದೂ ಒಂದೆಂದು ಬಲ್ಲವರು ಹೇಳುತ್ತಾರೆ.

ಅದು ನವೆಂಬರ್ ತಿಂಗಳು. ನಾವು ಎಂಟು ಮಂದಿ ವಿದ್ಯಾರ್ಥಿಗಳು, ನಮ್ಮ ಅಧ್ಯಾಪಕರು ಮತ್ತು ದಾರಿ ಬಲ್ಲ ಸ್ಥಳೀಯರಾದ ಗೌಡರು, ಒಟ್ಟು ಹತ್ತು ಜನ ಹೊರಟೆವು. ನಸುಕಿನಲ್ಲೇ ಹೊರಡಬೇಕೆಂದು ನಿಶ್ಚಯಿಸಿದ್ದೆವು. ಆದರೆ ನಾವು ಬಂದ ಬಸ್ಸು ತಡವಾದುದರಿಂದ ಹೊರಡುವಾಗ ಏಳೂವರೆ ಗಂಟೆಯಾಗಿತ್ತು. ಅಧ್ಯಾಪಕರು ನಮ್ಮನ್ನು ಸುತ್ತಲೂ ನಿಲ್ಲಿಸಿಕೊಂಡು ಒಂದು ಲೆಕ್ಕ ಹೇಳಿದರು.

"ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರವನ್ನು ಕೊಟ್ಟಿದ್ದಾನೆ. ಐದು ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಲೆಕ್ಕದಲ್ಲಿ ಶಿಖರ ಮುಟ್ಟಲು ಐದೂಕಾಲು ಗಂಟೆ ಬೇಕು. ವಿಶ್ರಾಂತಿಯನ್ನೂ ಕಲ್ಲುದಾರಿಯನ್ನೂ ಸೇರಿಸಿದರೆ ಆರೂವರೆ ಆದೀತು. ಸಂಜೆ ಆರಕ್ಕೆ ಸೂರ್ಯ ಮುಳುಗುತ್ತಾನೆ. ಇಳಿಯಲು ನಾಲ್ಕು ಗಂಟೆಯಾದರೂ ಬೇಡವೇ? ಆದ್ದರಿಂದ ಮಧ್ಯಾಹ್ನ ಎರಡು ಗಂಟೆಗೆ ನಾವು ಎಲ್ಲಿರುತ್ತೇವೋ ಅಲ್ಲಿಂದಲೇ ಹಿಂದಿರುಗಬೇಕು. ಒಪ್ಪಿಗೆಯೇ?"

ನಾವೆಲ್ಲರೂ ಉತ್ಸಾಹದಿಂದ ಒಪ್ಪಿದೆವು. ಬೆಳಗಿನ ಹೊತ್ತಿನಲ್ಲಿ ಮಾತು ಕೊಡುವುದು ಸುಲಭ!

ಊರು ದಾಟಿ ಸ್ವಲ್ಪ ದೂರ ಹೋಗುತ್ತಲೇ ಕಾಡು ನಮ್ಮನ್ನು ನುಂಗಿಬಿಟ್ಟಿತು. ಹೊರಗೆ ಬಿಸಿಲಿದ್ದರೂ ಒಳಗೆ ಮಬ್ಬುಗತ್ತಲೆ. ಮುಗಿಲೆತ್ತರದ ಮರಗಳ ಬೇರುಗಳು ದಾರಿಗೆ ಅಡ್ಡಲಾಗಿ ಹಬ್ಬಿ, ಕೆಲವೆಡೆ ಮೆಟ್ಟಿಲುಗಳಂತೆ ನೆರವಾಗುತ್ತಿದ್ದವು. ಕೆಲವೆಡೆ ಕಾಲಿಗೆ ತೊಡರುತ್ತಿದ್ದವು. ಬಂಡೆಗಳ ಮೇಲೆ ಹಾವಸೆ, ನೆಲದ ತುಂಬ ಒದ್ದೆ ತರಗೆಲೆ. ಕಣ್ಣು ಮೇಲೆ ನೋಡಲು ಬಯಸಿದರೂ ಕಾಲು ಅದನ್ನು ಕೆಳಕ್ಕೆ ಎಳೆಯುತ್ತಿತ್ತು. ಎಲ್ಲೋ ಮರದ ತುದಿಯಲ್ಲಿ ಕೆಂಜಳಿಲಿನ ಕಟಕಟ ಧ್ವನಿ. ಮತ್ತೆಲ್ಲೋ ಮಂಗಟ್ಟೆ ಹಕ್ಕಿ ಹಾರಿದಾಗ ಅದರ ರೆಕ್ಕೆಗಳ ಬೀಸು ಗಾಳಿಯೂದಿದಂತೆ ಕೇಳಿಸಿತು.

ಅಷ್ಟರಲ್ಲಿ ಗೆಳೆಯನೊಬ್ಬ ಚೀರಿದ. ಅವನ ಕಾಲ್ಚೀಲದ ಮೇಲೆ ಇಂಬಳಗಳು ಹತ್ತಿದ್ದವು. ಗೌಡರು ನಕ್ಕು, ಚೀಲದಿಂದ ಉಪ್ಪಿನ ಗಂಟನ್ನು ತೆಗೆದು ಅವುಗಳಿಗೆ ಸವರಿದರು. ಅವು ಉದುರಿದವು, ರಕ್ತ ಮಾತ್ರ ನಿಲ್ಲಲಿಲ್ಲ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ್ಯವಿದೆಯೆಂದೂ, ಅದರಿಂದ ಭಯಪಡಬೇಕಾಗಿಲ್ಲವೆಂದೂ ಅಧ್ಯಾಪಕರು ವಿವರಿಸಿದರು.

ಮೂರು ಗಂಟೆಗಳ ಏರಿನ ಬಳಿಕ ಕಾಡು ಹಠಾತ್ತನೆ ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ಅದೇ ಗಿರಿಗದ್ದೆ. ಅಲ್ಲಿನ ಒಂಟಿಮನೆಯಲ್ಲಿ ಬಿಸಿ ಅನ್ನ, ಸಾರು, ಮಜ್ಜಿಗೆ ದೊರೆತವು. ಆ ಊಟದ ರುಚಿಯನ್ನು ನಾನು ಯಾವ ಮದುವೆಯ ಮನೆಯಲ್ಲಿಯೂ ಕಂಡಿಲ್ಲ.

ಅಲ್ಲಿಂದ ಮುಂದೆ ನೆರಳಿಲ್ಲದ ಬೋಳು ಏರು. ಬೆನ್ನ ಮೇಲೆ ಬಿಸಿಲು, ಎದುರಿಗೆ ಗಾಳಿ. ಗುಡ್ಡಗಳ ನೆತ್ತಿಯಲ್ಲಿ ಹುಲ್ಲು, ಕಣಿವೆಗಳ ಮಡಿಕೆಯಲ್ಲಿ ದಟ್ಟ ಸೋಲೆಕಾಡು. ಈ ಹುಲ್ಲೂ ಕಾಡೂ ಮಳೆಯ ನೀರನ್ನು ತಡೆದು ನೆಲಕ್ಕೆ ಇಂಗಿಸುತ್ತವೆ. ಮಳೆ ನಿಂತ ಮೇಲೂ ತೊರೆಗಳಿಗೆ ಅದನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತವೆ. ಇಲ್ಲಿ ಹುಟ್ಟುವ ಕುಮಾರಧಾರಾ ನದಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಬಳಿ ಕಡಲು ಸೇರುತ್ತದೆ. 2012ರಲ್ಲಿ ಯುನೆಸ್ಕೊ ಸಂಸ್ಥೆಯು ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಪುಷ್ಪಗಿರಿ ವನ್ಯಧಾಮವೂ ಅವುಗಳಲ್ಲೊಂದಾಗಿತ್ತು.

ಕಲ್ಲುಮಂಟಪದಲ್ಲಿ ಸ್ವಲ್ಪ ದಣಿವಾರಿಸಿಕೊಂಡು ಶೇಷಪರ್ವತದ ನೆತ್ತಿಯನ್ನು ಮುಟ್ಟಿದೆವು. ಒಂದು ಬದಿಯಲ್ಲಿ ಎದೆ ನಡುಗಿಸುವ ಪ್ರಪಾತ. ಎದುರಿಗೆ, ಒಂದು ಕಾಡಿನ ಕಣಿವೆಯಾಚೆ ಕುಮಾರ ಪರ್ವತ! ಇನ್ನು ಒಂದೇ ಗಂಟೆಯ ದಾರಿ. ನನ್ನ ಆಯಾಸವೆಲ್ಲ ಮಾಯವಾಯಿತು. ಆಗ ಅಧ್ಯಾಪಕರು ಗಡಿಯಾರ ನೋಡಿ, "ಎರಡು ಗಂಟೆಯಾಯಿತು. ಇಳಿಯೋಣ" ಎಂದರು.

ನನಗೆ ಸಿಡಿಲೆರಗಿದಂತಾಯಿತು. "ಸಾರ್, ಇಷ್ಟು ದೂರ ಬಂದು ಶಿಖರ ಮುಟ್ಟದೆ ಹೋಗುವುದೇ? ಓಡುತ್ತಾ ಹೋಗಿ ಬರುತ್ತೇವೆ" ಎಂದು ವಾದಿಸಿದೆ. ಅವರು ಉತ್ತರಿಸುವ ಮೊದಲೇ ಗೌಡರು ಶಾಂತವಾಗಿ ನುಡಿದರು: "ತಮ್ಮಾ, ಹತ್ತುವುದು ಅರ್ಧ ಲೆಕ್ಕ ಮಾತ್ರ. ಮನೆ ಮುಟ್ಟಿದ ಮೇಲೆ ಲೆಕ್ಕ ಪೂರ್ತಿಯಾಗುವುದು. ಕತ್ತಲಾದ ಮೇಲೆ ಕೆಳಗಿನ ಕಾಡು ಆನೆಗಳದು, ನಮ್ಮದಲ್ಲ."

ನಾನು ಮುಖ ಗಂಟಿಕ್ಕಿಕೊಂಡು ಎಲ್ಲರಿಗಿಂತ ಮುಂದೆ ದುಡುದುಡು ಇಳಿಯತೊಡಗಿದೆ. ಗಿರಿಗದ್ದೆ ಕಳೆದು ಕಾಡು ಹೊಕ್ಕ ಕೆಲವೇ ನಿಮಿಷಗಳಲ್ಲಿ ಒದ್ದೆ ಬೇರೊಂದರ ಮೇಲೆ ಕಾಲು ಜಾರಿತು. ಬಿದ್ದವನು ಎದ್ದಾಗ ಎಡಗಾಲಿನ ಹರಡು ನೆಲಕ್ಕೆ ಊರಲಾರದಷ್ಟು ಉಳುಕಿತ್ತು. ಅಧ್ಯಾಪಕರು ಪಟ್ಟಿ ಬಿಗಿದರು. ಗೆಳೆಯರು ನನ್ನ ಚೀಲವನ್ನು ಹಂಚಿಕೊಂಡರು. ಗೌಡರು ಕೋಲೊಂದನ್ನು ಕೈಗಿತ್ತು, ನನ್ನ ಇನ್ನೊಂದು ತೋಳಿಗೆ ತಮ್ಮ ಹೆಗಲು ಕೊಟ್ಟರು. ಯಾರೂ ನನ್ನನ್ನು ಗದರಿಸಲಿಲ್ಲ. ಗದರಿಸಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ!

ಐದೂವರೆಗೇ ಮರಗಳ ಕೆಳಗೆ ಕತ್ತಲಿಳಿಯಿತು. ಟಾರ್ಚುಗಳ ಬೆಳಕಿನಲ್ಲಿ ಹೆಜ್ಜೆಹೆಜ್ಜೆಗೂ ನೆಲ ತಡವುತ್ತಾ ಸಾಗಿದೆವು. ಒಮ್ಮೆ ಸಮೀಪದಲ್ಲೇ ಬಿದಿರು ಮುರಿದ ಸದ್ದಾಯಿತು. ಗೌಡರು ಕೈಯೆತ್ತಿದರು, ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ಸದ್ದು ದೂರವಾದ ಮೇಲೆಯೇ ಅವರ ಕೈ ಕೆಳಗಿಳಿದದ್ದು. ಏಳೂವರೆಯ ಹೊತ್ತಿಗೆ ಊರಿನ ದೀಪಗಳು ಕಂಡವು. ಶಿಖರಕ್ಕೆ ಹೋಗಿದ್ದರೆ ಆ ಸಮಯದಲ್ಲಿ ನಾವು ಎಲ್ಲಿರುತ್ತಿದ್ದೆವು, ಆ ಕಾಲು ಎಲ್ಲಿ ಉಳುಕುತ್ತಿತ್ತು ಎಂದು ಯೋಚಿಸಿದಾಗ ನನ್ನ ಮೈ ಜುಮ್ಮೆಂದಿತು.

ಎರಡು ವರ್ಷಗಳ ಬಳಿಕ ನಾನು ಮತ್ತೆ ಹೋದೆ. ಈ ಸಲ ನಸುಕಿನಲ್ಲೇ ಹೊರಟು, ಗೌಡರೊಡನೆ ಶಿಖರದ ಮೇಲೆ ನಿಂತೆ. ಬೆಟ್ಟ ಎಲ್ಲಿಗೂ ಹೋಗಿರಲಿಲ್ಲ, ನಮಗಾಗಿ ಕಾದಿತ್ತು. ಈಗ ಈ ದಾರಿಯಲ್ಲಿ ನಡೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ನೀವೂ ಎಂದಾದರೊಮ್ಮೆ ಹಿರಿಯರೊಡನೆ ಹೋಗಿ ಬನ್ನಿ. ಹೊರಡುವ ಮುನ್ನ ಹಿಂದಿರುಗುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಆ ಹೊತ್ತು ಬಂದಾಗ, ಶಿಖರ ಕಣ್ಣೆದುರಿಗೇ ಇದ್ದರೂ, ಕೊಟ್ಟ ಮಾತನ್ನು ಉಳಿಸಿಕೊಳ್ಳಿ. ಏರುವ ಧೈರ್ಯದಷ್ಟೇ ಇಳಿಯುವ ವಿವೇಕವೂ ದೊಡ್ಡದು.

ಅಭ್ಯಾಸ

1. ನೈಸ್ಮಿತ್ ಸೂತ್ರವನ್ನು ವಿವರಿಸಿರಿ. 10 ಕಿಲೋಮೀಟರ್ ದೂರ, 600 ಮೀಟರ್ ಏರು ಇರುವ ದಾರಿಗೆ ಎಷ್ಟು ಸಮಯ ಬೇಕು?
2. ಹುಲ್ಲುಗಾವಲು ಮತ್ತು ಸೋಲೆಕಾಡುಗಳಿಂದ ನದಿಗಳಿಗೆ ಆಗುವ ಉಪಕಾರವೇನು?
3. "ಹತ್ತುವುದು ಅರ್ಧ ಲೆಕ್ಕ ಮಾತ್ರ." ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು?
4. ಯಾರೂ ಗದರಿಸದಿದ್ದರೂ ಲೇಖಕರಿಗೆ ನಾಚಿಕೆಯಾದುದೇಕೆ?
5. ನೀವು ಕಾಲ್ನಡಿಗೆಯಲ್ಲಿ ಕೈಗೊಂಡ ಒಂದು ಪ್ರಯಾಣವನ್ನು ಕುರಿತು ಹದಿನೈದು ವಾಕ್ಯಗಳಲ್ಲಿ ಬರೆಯಿರಿ.