ಬಡ್ಡಿ ಯಾವತ್ತಿಂದ ಶುರು?

ಮೊನ್ನೆ ಭಾನುವಾರ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಳು. ಬೆಂಗಳೂರಿನ ಕಾರು ಕಂಪನಿಯೊಂದರಲ್ಲಿ ಎರಡು ವರ್ಷದಿಂದ ಕೆಲಸ. ಈಗ ಅಮೆರಿಕದಲ್ಲಿ ಸಿಸ್ಟಮ್ಸ್ ಎಂಜಿನಿಯರಿಂಗ್ ಎಂ.ಎಸ್. ಮಾಡುವ ಮನಸ್ಸು. ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿ ತೆರೆದು, "ಚಿಕ್ಕಮ್ಮಾ, ಒಂದ್ಸಲ ನೋಡಿಬಿಡು" ಎಂದಳು. ರ್‍ಯಾಂಕಿಂಗ್ ಇತ್ತು, ಕೊನೆಯ ದಿನಾಂಕ ಇತ್ತು, ಊರಿನ ಚಳಿ ಎಷ್ಟು ಎಂಬುದೂ ಇತ್ತು. ದುಡ್ಡಿನ ಕಾಲಂ ಒಂದೇ: ಅರ್ಜಿ ಶುಲ್ಕ.

2016ರ ನವೆಂಬರ್‌ನಲ್ಲಿ ನನ್ನ ಪಟ್ಟಿಯೂ ಹೀಗೇ ಇತ್ತು.

ಆಗ ನಾನು ವಿಮಾನದ ಎಲೆಕ್ಟ್ರಾನಿಕ್ಸ್ ಪರೀಕ್ಷಿಸುವ ವಿಭಾಗದಲ್ಲಿದ್ದೆ, ಸಂಬಳ 38 ಸಾವಿರ. ಸಿಸ್ಟಮ್ಸ್ ಎಂಜಿನಿಯರ್ ಅಂದರೆ ಏನು ಎಂದು ಅಪ್ಪ ಕೇಳಿದಾಗ ಮದುವೆ ಮನೆಯನ್ನೇ ತೋರಿಸಿ ಹೇಳಿದ್ದೆ. ಅಡುಗೆ ಮಾಡುವವರು ಬೇರೆ, ಮಂಟಪ ಕಟ್ಟುವವರು ಬೇರೆ, ಓಲಗದವರು ಬೇರೆ. ಆದರೆ ದಿಬ್ಬಣ ತಡವಾದರೆ ಎಲೆ ಹಾಕುವುದನ್ನು ಎಷ್ಟು ಹೊತ್ತು ಮುಂದಕ್ಕೆ ಹಾಕಬೇಕು, ಮುಹೂರ್ತಕ್ಕೆ ಯಾವುದು ತಪ್ಪಬಾರದು ಎಂದು ಒಬ್ಬರ ತಲೆಯಲ್ಲಿ ಪೂರ್ತಿ ಇರಬೇಕಲ್ಲ, ಆ ಕೆಲಸ. ಅಪ್ಪನಿಗೆ ತಕ್ಷಣ ಅರ್ಥವಾಯಿತು. ನನಗೆ ಅರ್ಥವಾಗದೆ ಉಳಿದದ್ದು ಅದನ್ನು ಓದಲು ಆಗುವ ಖರ್ಚು.

ಜಿಆರ್‌ಇ ಮತ್ತು ಟೋಫೆಲ್ ಎರಡಕ್ಕೂ ಸೇರಿ 25 ಸಾವಿರ ಚಿಲ್ಲರೆ. ಆರು ಕಡೆ ಅರ್ಜಿ ಹಾಕಿದ್ದಕ್ಕೆ 510 ಡಾಲರ್, ಡಾಲರಿಗೆ 68 ರೂಪಾಯಿಯಂತೆ 34,680. ನನ್ನ ಬ್ಯಾಂಕಿನ ಡೆಬಿಟ್ ಕಾರ್ಡು ಹೊರದೇಶದ ಪಾವತಿಗೆ ನಡೆಯಲಿಲ್ಲ. ನೋಟು ಬಂದಿಯ ದಿನಗಳು ಬೇರೆ. ಊರಿನ ಸೊಸೈಟಿಯಲ್ಲಿ ಅಪ್ಪನ ಅಡಿಕೆ ದುಡ್ಡಿದ್ದರೂ ಕೈಗೆ ಸಿಗುತ್ತಿರಲಿಲ್ಲ. ಭಾವ ತಮ್ಮ ಕ್ರೆಡಿಟ್ ಕಾರ್ಡು ಕೊಟ್ಟರು. ಬಿಲ್ಲು ಬಂದಾಗ ವಿದೇಶಿ ವಹಿವಾಟಿನ ಶುಲ್ಕ ಶೇ 3.5, ಅದರ ಮೇಲೆ ಸೇವಾ ತೆರಿಗೆ ಎಂದು ಇನ್ನೂ 1,400 ರೂಪಾಯಿ ಏರಿತ್ತು. ಪರೀಕ್ಷೆಯ ಜೊತೆಗೇ ನಾಲ್ಕು ಕಡೆಗೆ ಅಂಕಗಳನ್ನು ಪುಕ್ಕಟೆ ಕಳಿಸುವ ಅವಕಾಶವಿತ್ತು. ಪಟ್ಟಿ ಇನ್ನೂ ಪಕ್ಕಾ ಆಗಿಲ್ಲ ಎಂದು ಬಿಟ್ಟೆ. ಆಮೇಲೆ ಆರೂ ಕಡೆಗೆ ದುಡ್ಡು ಕೊಟ್ಟು ಕಳಿಸಿದೆ, 18,800. ಸೀಲು ಹಾಕಿದ ಅಂಕಪಟ್ಟಿ, ಕೊರಿಯರ್ ಎಲ್ಲ ಸೇರಿ 14 ಸಾವಿರ. ಒಟ್ಟು 94 ಸಾವಿರ, ಅಂದರೆ ನನ್ನ ಎರಡೂವರೆ ತಿಂಗಳ ಸಂಬಳ.

ಇದರಲ್ಲಿ ಅರ್ಧ ಉಳಿಸಬಹುದಿತ್ತು. ಮೊದಲ ಹಂತಕ್ಕೆ ಅಂಕಪಟ್ಟಿಯ ಸ್ಕ್ಯಾನ್ ಪ್ರತಿ ಸಾಕು, ಅಸಲಿ ಪ್ರತಿ ಪ್ರವೇಶ ಸಿಕ್ಕಿದ ಮೇಲೆ ಎಂದು ಹಲವು ಕಡೆ ಸ್ಪಷ್ಟವಾಗಿ ಬರೆದಿರುತ್ತಾರೆ. ಅವರು ನಡೆಸುವ ಆನ್‌ಲೈನ್ ಮಾಹಿತಿ ಸಭೆಗೆ ಹಾಜರಾದರೆ ಅರ್ಜಿ ಶುಲ್ಕ ಮನ್ನಾ ಮಾಡುವ ವಿಭಾಗಗಳೂ ಇವೆ. ಕೇಳಿದರೆ ಸಣ್ಣವಳಾಗುತ್ತೇನೆ ಎಂಬ ಸಂಕೋಚದಲ್ಲಿ ಕೇಳಲಿಲ್ಲ.

ಆರರಲ್ಲಿ ಎರಡು ಅರ್ಜಿ ಹಾಕಲೇಬಾರದಿತ್ತು. ಒಂದು ಪೂರ್ತಿ ಆನ್‌ಲೈನ್ ಕೋರ್ಸ್. ಅದಕ್ಕೆ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ಸಿಸ್ಟಮ್ಸ್ ಎಂಜಿನಿಯರಿಂಗ್‌ನಲ್ಲಿ ಇಂಥವು ಬಹಳ, ಯಾಕೆಂದರೆ ಅಲ್ಲಿ ಇದನ್ನು ಓದುವವರಲ್ಲಿ ಆಗಲೇ ಕೆಲಸದಲ್ಲಿದ್ದು ಸಂಜೆ ಪಾಠ ಕೇಳುವವರು ಹೆಚ್ಚು. ಇನ್ನೊಂದರ ಹೆಸರಿನಲ್ಲಿ 'ಇಂಡಸ್ಟ್ರಿಯಲ್ ಅಂಡ್ ಸಿಸ್ಟಮ್ಸ್' ಎಂದಿತ್ತು. ಒಳಗಿದ್ದದ್ದು ಆಪ್ಟಿಮೈಸೇಶನ್, ಸರಬರಾಜು ಜಾಲ, ಸಂಖ್ಯಾಶಾಸ್ತ್ರ. ಒಳ್ಳೆಯ ವಿದ್ಯೆಯೇ, ಆದರೆ ನಾನು ಹುಡುಕುತ್ತಿದ್ದದ್ದಲ್ಲ. ಐಐಟಿ ಬಾಂಬೆಯ 'ಸಿಸ್ಟಮ್ಸ್ ಅಂಡ್ ಕಂಟ್ರೋಲ್' ಮೂರನೆಯ ಬಗೆ, ಅಲ್ಲಿ ನಿಯಂತ್ರಣ ಸಿದ್ಧಾಂತದ ಗಣಿತವೇ ಮುಖ್ಯ. ಆ ಗಣಿತ ಇಷ್ಟವಿರುವವರು ಗೇಟ್ ಬರೆದು ಅಲ್ಲಿಗೆ ಹೋದರೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನವೂ ಸಿಗುತ್ತದೆ. ಹೆಸರು ನೋಡಿ ಶುಲ್ಕ ಕಟ್ಟಬಾರದು, ಪಠ್ಯಪಟ್ಟಿ ಓದಿ ಕಟ್ಟಬೇಕು. ಎಂ.ಎಸ್., ಎಂ.ಇಂಗ್. ವ್ಯತ್ಯಾಸವೂ ಹಾಗೆಯೇ. ಕಾರ್ನೆಲ್‌ನಲ್ಲಿರುವಂಥ ಎಂ.ಇಂಗ್. ವೃತ್ತಿಪರ ಪದವಿ, ಬೇಗ ಮುಗಿಯುತ್ತದೆ, ಆದರೆ ಸಂಶೋಧನಾ ಸಹಾಯಕ ಹುದ್ದೆ ಸಿಕ್ಕಿ ಬೋಧನಾ ಶುಲ್ಕ ಮನ್ನಾ ಆಗುವ ಆಸೆ ಇಟ್ಟುಕೊಳ್ಳುವ ಹಾಗಿಲ್ಲ.

ಪ್ರವೇಶ ಎರಡು ಕಡೆ ಸಿಕ್ಕಿತು. ಅಗ್ಗದ್ದನ್ನೇ ಆರಿಸಿಕೊಂಡರೂ ಸೆಮಿಸ್ಟರಿಗೆ 12 ಸಾವಿರ ಡಾಲರ್, ಮೂರು ಸೆಮಿಸ್ಟರ್. ಬ್ಯಾಂಕಿಗೆ ಹೋದಾಗ ಅಪ್ಪ ತೋಟದ ಪಹಣಿ ಕಟ್ಟು ಹೊತ್ತು ತಂದಿದ್ದರು. ಕೃಷಿ ಜಮೀನು ಶಿಕ್ಷಣ ಸಾಲಕ್ಕೆ ಆಧಾರವಾಗುವುದಿಲ್ಲ, ಏಳೂವರೆ ಲಕ್ಷ ದಾಟಿದರೆ ಸೈಟೋ ಮನೆಯೋ ಬೇಕು ಎಂದರು. ಮನೆ ಇರುವುದು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ, ಇ-ಸ್ವತ್ತು ಆಗಿರಲಿಲ್ಲ. ಅಪ್ಪ ಪಹಣಿಗಳನ್ನು ಒಂದೊಂದಾಗಿ ಜೋಡಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡದ್ದು ಇವತ್ತಿಗೂ ಕಣ್ಣ ಮುಂದಿದೆ.

ಶಿವಮೊಗ್ಗದಲ್ಲಿದ್ದ ಚಿಕ್ಕಮ್ಮ ತಮ್ಮ ಮೂವತ್ತು ನಲವತ್ತರ ಸೈಟಿನ ಪತ್ರ ಕೊಡಲು ಒಪ್ಪಿದರು. ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಟ್ರಂಕಿನಿಂದ ಪತ್ರ ತೆಗೆದು, ಹಳೆ ಪತ್ತಲದ ತುಂಡಿನ ಸುತ್ತು ಬಿಚ್ಚಿ, ಹಾಳೆ ಎಣಿಸಿ ನನ್ನ ಕೈಗಿಟ್ಟು ಕೇಳಿದರು: "ಪತ್ರ ಕೊಡ್ತೀನಿ ಪುಟ್ಟಿ, ಅದಕ್ಕೇನು. ಬಡ್ಡಿ ಯಾವತ್ತಿಂದ ಶುರು ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ ಎಂದಿದ್ದನ್ನು ಬಡ್ಡಿಯೂ ಇಲ್ಲ ಎಂದುಕೊಂಡಿದ್ದೆ. ಹಣ ಬಿಡುಗಡೆಯಾದ ದಿನದಿಂದಲೇ ಬಡ್ಡಿ ಓಡುತ್ತದೆ. ಹಾಗಾಗಿ ಪೂರ್ತಿ ಸಾಲವನ್ನು ಒಟ್ಟಿಗೆ ತೆಗೆಯದೆ ಸೆಮಿಸ್ಟರಿಗೆ ಒಂದೊಂದು ಕಂತಾಗಿ ಬಿಡಿಸಿಕೊಂಡೆವು. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ದರದಲ್ಲಿ ರಿಯಾಯಿತಿ ಕೊಡುವ ಬ್ಯಾಂಕುಗಳಿವೆ. ಆದರೆ ವರ್ಷಕ್ಕೊಮ್ಮೆ ಕೊಯ್ಲಾದ ಮೇಲೆ ಕೈಗೆ ದುಡ್ಡು ಬರುವ ಅಪ್ಪನಿಗೆ ತಿಂಗಳು ತಿಂಗಳು ಕಟ್ಟುವುದು ಆಗದ ಮಾತು. ಸಾಲ 24 ಲಕ್ಷ, ಬಡ್ಡಿ ಶೇ 11. ನಾನು ಮೊದಲ ಕಂತು ಕಟ್ಟುವ ಹೊತ್ತಿಗೆ ಬಡ್ಡಿಯೇ 2 ಲಕ್ಷ 80 ಸಾವಿರ ದಾಟಿತ್ತು.

ರೂಪಾಯಿಯ ಕಥೆಯೂ ಇದೆ. 2017ರ ಆಗಸ್ಟ್‌ನಲ್ಲಿ ಡಾಲರಿಗೆ 64 ರೂಪಾಯಿ ಇತ್ತು, ಮೊದಲ ಸೆಮಿಸ್ಟರಿಗೆ 7,68,000 ಹೋಯಿತು. 2018ರ ಸೆಪ್ಟೆಂಬರ್‌ನಲ್ಲಿ ಅದೇ 12 ಸಾವಿರ ಡಾಲರಿಗೆ 8,64,000. ಕಾಲೇಜು ಒಂದು ಪೈಸೆ ಏರಿಸದಿದ್ದರೂ 96 ಸಾವಿರ ಹೆಚ್ಚು.

ಆ ಸೆಪ್ಟೆಂಬರ್‌ನಲ್ಲೇ ಕ್ಯಾಂಪಸ್ಸಿನ ಉದ್ಯೋಗ ಮೇಳ. ಇಸ್ತ್ರಿ ಮಾಡಿದ ಕೋಟು, ಇಪ್ಪತ್ತು ಪ್ರತಿ ರೆಸ್ಯೂಮೆ. ವಿಮಾನ, ಉಪಗ್ರಹ ಮಾಡುವ ಕಂಪನಿಗಳ ಸಾಲು ನೋಡಿ ನನ್ನ ಜಾಗಕ್ಕೆ ಬಂದೆ ಎನಿಸಿತು. ಮೊದಲ ಮೇಜಿನಲ್ಲಿದ್ದ ಹೆಂಗಸು ರೆಸ್ಯೂಮೆ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿದಳು, "ನೀವು ಅಮೆರಿಕದ ಪ್ರಜೆಯೇ?" ಎರಡನೆಯದರಲ್ಲೂ ಅದೇ. ಹನ್ನೊಂದು ಮೇಜು ಸುತ್ತಿದೆ. ಯಾರೂ ಒರಟಾಗಿ ಮಾತಾಡಲಿಲ್ಲ. ಐಟಾರ್ ಎಂಬ ರಫ್ತು ನಿಯಂತ್ರಣ ನಿಯಮದಂತೆ ರಕ್ಷಣಾ ತಂತ್ರಜ್ಞಾನದ ವಿವರವನ್ನು ಪ್ರಜೆಗಳಲ್ಲದ, ಗ್ರೀನ್ ಕಾರ್ಡೂ ಇಲ್ಲದವರಿಗೆ ಅನುಮತಿಯಿಲ್ಲದೆ ತೋರಿಸುವಂತಿಲ್ಲ. ಅಮೆರಿಕದಲ್ಲಿ ಸಿಸ್ಟಮ್ಸ್ ಎಂಜಿನಿಯರ್‌ಗಳನ್ನು ಹೆಚ್ಚಾಗಿ ನೇಮಿಸಿಕೊಳ್ಳುವುದೇ ಈ ರಕ್ಷಣಾ, ಬಾಹ್ಯಾಕಾಶ ಕ್ಷೇತ್ರ. ಯಾವ ವಿಮಾನಕ್ಕಾಗಿ ಈ ಪದವಿ ಆರಿಸಿಕೊಂಡೆನೋ ಆ ಬಾಗಿಲು ನಾನು ಅರ್ಜಿ ಹಾಕಿದ ದಿನವೇ ಮುಚ್ಚಿತ್ತು. ಹಿಂದಿನ ವರ್ಷ ಪಾಸಾದ ಹೊರದೇಶದ ವಿದ್ಯಾರ್ಥಿಗಳು ಎಲ್ಲಿ ಕೆಲಸಕ್ಕೆ ಸೇರಿದರು ಎಂದು ವಿಭಾಗಕ್ಕೆ ಒಂದು ಇಮೇಲ್ ಹಾಕಿದ್ದರೆ ಗೊತ್ತಾಗುತ್ತಿತ್ತು. ಶುಲ್ಕ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆ ಇದೊಂದೇ ಎಂದರೂ ನನಗೆ ಒಪ್ಪಿಗೆ.

ಕೊನೆಗೆ ವೈದ್ಯಕೀಯ ಉಪಕರಣ ಮಾಡುವ ಕಂಪನಿಯೊಂದು ಕರೆಯಿತು. ಸಿಸ್ಟಮ್ಸ್ ಎಂಜಿನಿಯರಿಂಗ್ ಸ್ಟೆಮ್ ವರ್ಗದ ಪದವಿಯಾದ್ದರಿಂದ ಓದಿನ ನಂತರ ಒಂದು ವರ್ಷ, ಅದರ ಮೇಲೆ ಎರಡು ವರ್ಷ ಕೆಲಸ ಮಾಡುವ ಅವಕಾಶ. ಆ ಮೂರು ವರ್ಷದಲ್ಲಿ ಸಾಲದ ಬಹುಪಾಲು ತೀರಿತು. ರೂಪಾಯಿ ಬಿದ್ದದ್ದು ಈ ಸಲ ನನ್ನ ಕಡೆಗಿತ್ತು. ಮುಂದೆ ಅಲ್ಲೇ ಕೆಲಸದಲ್ಲಿರಲು ಬೇಕಾದ ಎಚ್‌1ಬಿ ವೀಸಾದ ಲಾಟರಿಯಲ್ಲಿ ಹೆಸರು ಬರಲೇ ಇಲ್ಲ. 2022ರಲ್ಲಿ ಮರಳಿ ಬಂದೆ, ಉಳಿದ ನಾಲ್ಕು ಲಕ್ಷವನ್ನು ಬೆಂಗಳೂರಿನ ಸಂಬಳದಲ್ಲಿ 2023ರಲ್ಲಿ ತೀರಿಸಿದೆ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ 80ಇ ಸೆಕ್ಷನ್ನಿನ ಆದಾಯ ತೆರಿಗೆ ವಿನಾಯಿತಿ ಹೆಚ್ಚು ಬಡ್ಡಿ ಕಟ್ಟಿದ ವರ್ಷಗಳಲ್ಲಿ ಉಪಯೋಗಕ್ಕೆ ಬರಲಿಲ್ಲ, ಇಲ್ಲಿ ನನಗೆ ಆದಾಯವೇ ಇರಲಿಲ್ಲ. ಪತ್ರ ಕೊಟ್ಟ ಚಿಕ್ಕಮ್ಮನಿಗೂ ಅದು ಸಲ್ಲುವುದಿಲ್ಲ. ತಾನು, ಗಂಡ ಹೆಂಡತಿ, ಮಕ್ಕಳು, ಕಾನೂನು ಪ್ರಕಾರ ಪೋಷಕತ್ವದಲ್ಲಿರುವವರು, ಇಷ್ಟೇ ಅದರ ವ್ಯಾಪ್ತಿ.

ಅಕ್ಕನ ಮಗಳ ಪಟ್ಟಿಗೆ ಬರುತ್ತೇನೆ. ಎರಡು ಬರೀ ಆನ್‌ಲೈನ್, ತೆಗೆದೆವು. ಒಂದು ಮೂರು ವರ್ಷದ ಅನುಭವ ಕೇಳುತ್ತದೆ, ಅದನ್ನೂ ಬಿಟ್ಟೆವು. ಇನ್ನೊಂದರ ಪಠ್ಯಪಟ್ಟಿ ಅವಳೇ ಓದಿ ಬೇಡ ಎಂದಳು. ಉಳಿದ ಐದಕ್ಕೆ ನನ್ನೆದುರೇ ಕೂತು ಇಮೇಲ್ ಬರೆದಳು. ಎರಡು ಕಡೆ ಅರ್ಜಿ ಶುಲ್ಕ ಮನ್ನಾ ಆಗಿದೆ. ಕೆಲಸ ಎಲ್ಲಿ ಸಿಕ್ಕಿತು ಎಂಬ ಪ್ರಶ್ನೆಗೆ ಒಂದೇ ಕಡೆಯಿಂದ ಉತ್ತರ ಬಂದಿದೆ. ಕಾರು ಮತ್ತು ವೈದ್ಯಕೀಯ ಉಪಕರಣ ಎಂದಿದ್ದಾರೆ, ಅವಳಿಗೆ ಅದು ಹೊಂದುತ್ತದೆ. ಜೆ.ಎನ್. ಟಾಟಾ ದತ್ತಿಯ ಸಾಲ ವಿದ್ಯಾರ್ಥಿವೇತನದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದೇನೆ. 1892ರಿಂದ ನಡೆಯುತ್ತಿರುವ ದತ್ತಿ, ನಮ್ಮ ರಾಜಾ ರಾಮಣ್ಣನವರು ಲಂಡನ್ನಿಗೆ ಹೋಗಿ ಓದಿದ್ದು ಅದರ ನೆರವಿನಿಂದ. 2017ರಲ್ಲಿ ನನಗೆ ಅದರ ನೆನಪಾಗುವ ಹೊತ್ತಿಗೆ ಅವಧಿ ಮುಗಿದಿತ್ತು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಹೊರದೇಶಕ್ಕೆ ಕಳಿಸುವ ಹಣಕ್ಕೆ ಬ್ಯಾಂಕು ಮೊದಲೇ ವಸೂಲಿ ಮಾಡುವ ಟಿಸಿಎಸ್ ತೆರಿಗೆ ಇಲ್ಲ, ಬ್ಯಾಂಕಿನ ಶಿಕ್ಷಣ ಸಾಲದ ಹಣವಾದರೆ ಮೊತ್ತ ಎಷ್ಟಿದ್ದರೂ ಇಲ್ಲ. ಅಕ್ಕ ಭಾವ ಕೂಡಿಟ್ಟ ದುಡ್ಡನ್ನು ಖರ್ಚಿಗೂ ಸಾಲದ ಹಣವನ್ನು ಶುಲ್ಕಕ್ಕೂ ಇಟ್ಟುಕೊಳ್ಳುವುದು ಎಂದು ಲೆಕ್ಕ ಹಾಕಿದ್ದೇವೆ.

ಸಾಲಕ್ಕೆ ಆಧಾರವಾಗಿ ಏನಿಡುವುದು ಎಂದು ಅವಳು ಇನ್ನೂ ಕೇಳಿಲ್ಲ. ನಮ್ಮ ಫ್ಲ್ಯಾಟಿನ ಪತ್ರ ಗೃಹಸಾಲ ಕೊಟ್ಟ ಬ್ಯಾಂಕಿನಲ್ಲಿದೆ. ಶಿವಮೊಗ್ಗದ ಸೈಟಿನ ಪತ್ರ 2023ರಲ್ಲಿ ಬ್ಯಾಂಕಿನಿಂದ ಬಂದಾಗ ಚಿಕ್ಕಮ್ಮ ಹಾಳೆ ಎಣಿಸಿ ಅದೇ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದರು. ಅವರಿಗೀಗ ಎಂಬತ್ತು. ಅದನ್ನು ಇನ್ನೊಮ್ಮೆ ಹೊರಗೆ ತೆಗೆಯಿರಿ ಎನ್ನಲು ನನಗೆ ಮನಸ್ಸಿಲ್ಲ.