ಭಂಡಾರದ ಲೆಕ್ಕ

ಶರಣರ ಚರಿತ್ರೆಯಲ್ಲಿ ನಾವು ಭಕ್ತಿಯಿಂದ ಓದಿ, ಅರ್ಥವಿಚಾರ ಮಾಡದೆ ಬಿಟ್ಟುಬಿಡುವ ಪ್ರಸಂಗವೊಂದುಂಟು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಸನ ಬೊಕ್ಕಸವನ್ನು ಜಂಗಮರಿಗೆ ವ್ಯಯಮಾಡುತ್ತಿರುವರೆಂದು ಕೊಂಡೆಯರು ದೂರಿದರು. ಅರಸನು ಲೆಕ್ಕ ಕೇಳಿದನು. ಭಂಡಾರವನ್ನು ತೆರೆದು ಎಣಿಸಲಾಗಿ ಏನೂ ಕಡಮೆಯಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಪ್ರವಚನಕಾರರು ಇಲ್ಲಿ ಪವಾಡವನ್ನೇ ಎತ್ತಿ ಹೇಳುವುದು ವಾಡಿಕೆ. ಆದರೆ ಗೃಹಸ್ಥಭಕ್ತನು ಗಮನಿಸಬೇಕಾದುದು ಬೇರೊಂದಿದೆ. ಬಸವಣ್ಣನವರು ತಮ್ಮ ಪದವಿಯನ್ನಾಗಲಿ ಭಕ್ತಿಯನ್ನಾಗಲಿ ಅಡ್ಡ ಹಿಡಿಯಲಿಲ್ಲ, ಬಾಗಿಲು ತೆರೆದರು. ಕೇಳಿಸಿದವರ ಮನಸ್ಸಿನಲ್ಲಿ ಮತ್ಸರವಿದ್ದರೂ ಲೆಕ್ಕ ಕೇಳುವುದು ಅಪರಾಧವೆನಿಸಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಇದೇ ಜಾತಿಯದು. ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಕೆ ಪತಿಯೆಂದು ಸುಮ್ಮನಿರಲಿಲ್ಲ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಸತಿಯು ಪತಿಯನ್ನು ಪ್ರಶ್ನಿಸಬಹುದಾದರೆ ಪ್ರಜೆಯು ಅಧಿಕಾರಿಯನ್ನು ಏಕೆ ಪ್ರಶ್ನಿಸಬಾರದು?

ಸರ್ಕಾರದ ಮಾತನ್ನು ಜನರು ಸಂಶಯದಿಂದ ನೋಡುತ್ತಾರೆಂಬ ಕೊರಗನ್ನು ಆಗಾಗ್ಗೆ ಕೇಳುತ್ತೇವೆ. ಸಂಶಯವು ಹುಟ್ಟುವುದು ಮುಚ್ಚಿದ ಬಾಗಿಲಿನ ಹಿಂದೆ. ಆಂಗ್ಲರು 1923ರಲ್ಲಿ ಸರ್ಕಾರಿ ರಹಸ್ಯಗಳ ಕಾಯಿದೆಯನ್ನು ಮಾಡಿದರು. ಪರಕೀಯ ಆಳ್ವಿಕೆಗೆ ಅದು ಸಹಜವೇ. ಆಳಿಸಿಕೊಳ್ಳುವವರನ್ನು ಅದು ನಂಬುತ್ತಿರಲಿಲ್ಲ. ಆದರೆ 1947ರ ತರುವಾಯವೂ ಆ ಕಾಯಿದೆ ಉಳಿಯಿತು, ಇಂದಿಗೂ ಇದೆ. ದೇಶರಕ್ಷಣೆಯಂಥ ಕೆಲವು ವಿಷಯಗಳಲ್ಲಿ ಗುಟ್ಟು ಅವಶ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಕೆರೆಯ ಹೂಳೆತ್ತಿದ ಕೂಲಿಯ ಲೆಕ್ಕದಲ್ಲಿ ಯಾವ ದೇಶರಕ್ಷಣೆಯಿದೆ?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ರಾಜಸ್ಥಾನದ ಬಡ ಕೂಲಿಕಾರರು. ಸರ್ಕಾರಿ ಕಾಮಗಾರಿಗಳಲ್ಲಿ ದುಡಿದ ಅವರಿಗೆ ನ್ಯಾಯವಾದ ಕೂಲಿ ದೊರೆಯುತ್ತಿರಲಿಲ್ಲ. ಹಾಜರಿಪಟ್ಟಿಯನ್ನು ತೋರಿಸೆಂದರೆ ಅದು ಗೋಪ್ಯವೆಂಬ ಉತ್ತರ. 1994ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೋಟ್ ಕಿರಾನಾ ಎಂಬಲ್ಲಿ ಊರವರೆದುರು ಆ ಪಟ್ಟಿಗಳನ್ನು ಓದಿಸಿದರು. ಕೆಲಸಕ್ಕೆ ಬಾರದವರ ಹೆಸರಿನಲ್ಲಿ ಹಣ ಬರೆದಿದ್ದುದು ಬಯಲಾಯಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕುಳಿತರು. ಕಾಯಕ ಮಾಡಿದವನು ಕಾಯಕದ ಲೆಕ್ಕವನ್ನು ಕೇಳಿದನು, ಅಷ್ಟೆ. ಅಕ್ಷರಬಾರದವರ ಈ ಹೋರಾಟವು ಮುಂದೆ 2005ರ ಮಾಹಿತಿ ಹಕ್ಕಿನ ಅಧಿನಿಯಮಕ್ಕೆ ದಾರಿಮಾಡಿತು. ನಮ್ಮ ಕರ್ನಾಟಕವು 2000ದಲ್ಲಿಯೇ ಇಂಥದೊಂದು ಅಧಿನಿಯಮವನ್ನು ರಚಿಸಿಕೊಂಡಿತ್ತೆಂಬುದು ಸಂತೋಷದ ಸಂಗತಿ.

2005ರ ಅಧಿನಿಯಮದಲ್ಲಿ ಎರಡು ಮಾತುಗಳು ವಿಶೇಷ. ಒಂದು, ಕೇಳುವವನು ಏತಕ್ಕೆ ಕೇಳುತ್ತೇನೆಂದು ಹೇಳಬೇಕಾಗಿಲ್ಲ. ಇನ್ನೊಂದು, 1923ರ ಕಾಯಿದೆಯೊಡನೆ ವಿರೋಧ ಬಂದರೆ ಇದೇ ಮೇಲು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, ಸಾಧಾರಣವಾಗಿ 150 ಶಬ್ದಗಳನ್ನು ಮೀರದಂತಿರಬೇಕು. ಕಡಮೆ ಮಾತಿನಲ್ಲಿ ಹೆಚ್ಚು ಹೇಳುವುದನ್ನು ವಚನಕಾರರಿಂದ ಕಲಿತವರಿಗೆ ಇದು ಕಷ್ಟವಾಗಲಾರದು!

ಆದರೆ ತೆರೆದ ಬಾಗಿಲು ತೆರೆದೇ ಇರುವುದೆಂಬ ಭರವಸೆಯಿಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಈ ಅಧಿನಿಯಮದ 8ನೆಯ ಪ್ರಕರಣದ ಒಂದು ಭಾಗವನ್ನು ತಿದ್ದಿತು. ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು ಮೊದಲಿದ್ದ ಕಟ್ಟುಪಾಡುಗಳನ್ನು ಅಲ್ಲಿಂದ ತೆಗೆಯಲಾಯಿತು. ಹಾಜರಿಪಟ್ಟಿಯಲ್ಲಿರುವುದೂ ವ್ಯಕ್ತಿಗಳ ಹೆಸರುಗಳೇ ಅಲ್ಲವೆ? ಸಾರ್ವಜನಿಕ ಹಿತ ಹೆಚ್ಚಿನದಾದರೆ ಕೊಡಬಹುದೆಂಬ ಉಪಪ್ರಕರಣ ಇನ್ನೂ ಉಳಿದಿದೆ. ಅರ್ಜಿದಾರರು ಅದನ್ನು ಮರೆಯದೆ ಉಲ್ಲೇಖಿಸತಕ್ಕದ್ದು.

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ದಾಸೋಹಕ್ಕೆ ಅಕ್ಕಿ ಬೇಳೆ ಕೊಟ್ಟ ಭಕ್ತನು ಖರ್ಚಿನ ವಿವರ ಕೇಳಿದರೆ ಅವನನ್ನು ಅಭಕ್ತನೆನ್ನುವವರು ನಮ್ಮಲ್ಲಿಯೂ ಇದ್ದಾರೆ. ಜಾತ್ರೆ ಮುಗಿದ ಮೇಲೆ ಜಮಾಖರ್ಚಿನ ಪಟ್ಟಿಯನ್ನು ಮಠದ ಹೆಬ್ಬಾಗಿಲಿಗೆ ಅಂಟಿಸಲು ಒಂದು ಹಾಳೆಯೂ ಸ್ವಲ್ಪ ಅಂಟೂ ಸಾಕು.