ಇಂದಿನ ಧಮ್ಮಚಿಂತನೆ: ಸ್ಟೇಷನ್ ಮಾಸ್ತರರ ಪ್ರಶ್ನೆ



ನಮ್ಮ ಕೊಡಗಿಗೆ ಇನ್ನೂ ರೈಲು ಬಂದಿಲ್ಲ. ಆದರೆ ಬೆಂಗಳೂರಿನಲ್ಲಿ ಮೆಟ್ರೋ ಹತ್ತಿದವರು ವಿಧಾನಸೌಧದ ಬಳಿ, ನೆಲದಡಿಯ ನಿಲ್ದಾಣಕ್ಕೆ ಬಾಬಾಸಾಹೇಬರ ಹೆಸರಿರುವುದನ್ನು ನೋಡಿರುತ್ತೀರಿ. 2016ರಲ್ಲಿ ತೆರೆದದ್ದು. ಟೋಕನ್ ತೋರಿಸಿದರೆ ಗೇಟು ತೆರೆಯುತ್ತದೆ, ನೀನು ಯಾರೆಂದು ಕೇಳುವುದಿಲ್ಲ.

1901ರಲ್ಲಿ ಸಾತಾರಾ ಕಡೆಯ ಮಸೂರ್ ಸ್ಟೇಷನ್ನಿನಲ್ಲಿ ಕೇಳಿದ್ದರು. ಬಾಲಕ ಭೀಮರಾವ್ ಮನೆಯ ಮಕ್ಕಳೊಂದಿಗೆ ತಂದೆಯನ್ನು ನೋಡಲು ಹೊರಟಿದ್ದ. ಮೈಮೇಲೆ ಹೊಸ ಬಟ್ಟೆ. ಸ್ಟೇಷನ್ ಮಾಸ್ತರರು ತಾವಾಗಿಯೇ ಬಂದು ವಿಚಾರಿಸಿದರು. ಹುಡುಗ 'ಮಹಾರ್' ಎಂದದ್ದೇ ತಡ, ಮುಖ ಬದಲಾಯಿತು. ದುಪ್ಪಟ್ಟು ಬಾಡಿಗೆಗೆ ಗಾಡಿ ಸಿಕ್ಕಿತು, ಆದರೆ ಎತ್ತು ಹೊಡೆಯಬೇಕಾದವರು ಮಕ್ಕಳೇ! ಬುತ್ತಿಯಿದ್ದರೂ ಕುಡಿಯಲು ನೀರು ಸಿಗದೆ ಹಸಿದು ಮಲಗಿದರು. ಬಾಬಾಸಾಹೇಬರೇ ಇದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ.

ಆ ಒಂದು ಕ್ಷಣವನ್ನು ನಿಧಾನವಾಗಿ ನೋಡಿ. ಮಕ್ಕಳು ಅವರೇ, ಬಟ್ಟೆ ಅದೇ. ಕಿವಿಗೆ ಬಿದ್ದದ್ದು ಒಂದೇ ಪದ. ಪಂಚಸ್ಕಂಧಗಳಲ್ಲಿ ಸಞ್ಞಾ ಎಂದು ಓದುತ್ತೇವಲ್ಲ, ಕಂಡದ್ದಕ್ಕೆ ಮನಸ್ಸು ಅಂಟಿಸುವ ಗುರುತು, ಅದು ಇಲ್ಲಿ ಕೆಲಸ ಮಾಡಿತು. ಮಾಸ್ತರರು ಕ್ರೂರಿಯಲ್ಲ, ಗಾಡಿ ಗೊತ್ತಾಗಲು ದಾರಿ ಹುಡುಕಿಕೊಟ್ಟವರೂ ಅವರೇ. ಪಾಠ ಕಷ್ಟವಾಗುವುದು ಅದಕ್ಕೇ.

ಮೆಟ್ರೋ ಗೇಟು ಕೇಳದಿರುವುದನ್ನು ನಾನು ಸಮತೆ ಎನ್ನಲಾರೆ. ಯಂತ್ರಕ್ಕೆ ಮನಸ್ಸಿಲ್ಲ, ಅಷ್ಟೇ. 22 ಪ್ರತಿಜ್ಞೆ ಸ್ವೀಕರಿಸಿದ ಮನೆಗಳಲ್ಲೂ ಸಂಬಂಧ ನೋಡುವಾಗ 'ಬಲಗೈಯೋ, ಎಡಗೈಯೋ?' ಎಂಬ ಪ್ರಶ್ನೆ ಬರುವುದುಂಟು. ಭಾನುವಾರ ವಂದನೆಯ ನಂತರ ಅದನ್ನೇ ಮುಚ್ಚುಮರೆಯಿಲ್ಲದೆ ಮಾತಾಡೋಣ. ಹಿರಿಯರೂ ಬನ್ನಿ, ಮದುವೆ ವಯಸ್ಸಿನ ಮಕ್ಕಳನ್ನೂ ಕರೆತನ್ನಿ.

ಭವತು ಸಬ್ಬ ಮಂಗಲಂ 🙏